ತೋಟ ಒಪ್ಪಿಸದ ಬಾಗವಾನ

ಸತ್ತ ಬುರ್ಹಾನುದ್ದೀನ್ ಚಾಚಾ ನನ್ನ ತೋಟದಲ್ಲಿ ಕೆಮ್ಮುತ್ತಾನೆ ಎಂದು ಕೂಲಿಯ ಮಲ್ಕಮ್ಮ ಹೇಳಿದಾಗ ಅವಳನ್ನು ಚೆನ್ನಾಗಿ ಬೈದೆ. ಕೆಲಸಕ್ಕೆ ಬರಲು ಮನಸ್ಸಿಲ್ಲದಿದ್ದರೆ ನೆಟ್ಟಗೆ ಹೇಳು, ಸತ್ತವರ ನೆವ ಹೇಳಬೇಡ ಎಂದೆ. ಮೂರನೇ ದಿನ ಹಾಡಹಗಲು ನಾನೇ ಕೇಳಿದೆ. ಬಾಳೆ ಸಾಲಿನ ಒಳಗಿಂದ ಎರಡು ಸಲ ಕೆಮ್ಮು, ಆಮೇಲೆ ಮಂಗ ಓಡಿಸುವ "ಹೋಯ್" ಎಂಬ ಕೂಗು.

ಕಮಲಾಪುರದ ಕೆಂಪು ಬಾಳೆಯ ತೋಟ ಅದು, ತೀರಿಹೋದ ಗಂಡನಿಂದ ನನಗೆ ಬಂದ ಎರಡು ಎಕರೆ. ಚಾಚಾ ಕಲಬುರಗಿಯ ಹಣ್ಣಿನ ವ್ಯಾಪಾರಿ. ಗೊನೆ ಮೂಡುತ್ತಿದ್ದಂತೆ ಇಡೀ ತೋಟ ಗುತ್ತಿಗೆ ಹಿಡಿದು, ಕೊಯ್ಲಿನವರೆಗೆ ಗುಡಿಸಲು ಹಾಕಿಕೊಂಡು ಅಲ್ಲೇ ಕಾಯುತ್ತಿದ್ದ. ಕೊಯ್ಲು ಮುಗಿದ ದಿನ ಒಡೆಯರು ಕಡೆಯ ಗೊನೆಯನ್ನು ಅವನ ಕೈಗಿಟ್ಟು "ತ್ವಾಟ ನನಗ ಮುಟ್ತು" ಎನ್ನಬೇಕು. ಅಲ್ಲಿಗೆ ಅವನ ಕಾವಲು ಮುಗಿದಂತೆ; ನಮ್ಮ ಮಾವನ ಕಾಲದಿಂದ ನಡೆದುಬಂದದ್ದು.

ತೊಂಬತ್ತಾರರ ಬೇಸಿಗೆಯಲ್ಲಿ ನಾನು ಹಾಗೆ ಅನ್ನಲಿಲ್ಲ. ತವರಿನವರಿಗೆಂದು ಒಂದು ಗೊನೆ ಕಡಿಯಲು ಕುಡುಗೋಲು ಎತ್ತಿದ್ದೆ. ಚಾಚಾ ಅಡ್ಡ ಬಂದ.

"ಇನ್ನಾ ಬಲಿತಿಲ್ಲವ್ವ, ಎಂಟ ದಿನ ತಡಿ."

ಆಳುಗಳ ಮುಂದೆ ಮರ್ಯಾದೆ ಹೋಯಿತೆನಿಸಿ ಹರಿಹಾಯ್ದೆ. "ಹಣ್ಣ ಮಾರಾವ ನೀ! ನನ್ನ ತ್ವಾಟದಾಗ ನನಗ ಬುದ್ಧಿ ಹೇಳ್ತಿಯೇನು? ನಡಿ ಹೊರಗ."

ಮುದುಕ ಕೌದಿ ಮಡಚಿ ಹೆಗಲಿಗೆ ಹಾಕಿಕೊಂಡು ಹೋದ. ತಿಂಗಳೊಪ್ಪತ್ತಿನಲ್ಲಿ ಸತ್ತನೆಂದು ಸುದ್ದಿ ಬಂತು. ಮುಂದಿನ ಬೆಳೆಗೆ ಗೊನೆ ಮೂಡಿದಾಗ ಈ ಕೆಮ್ಮು ಶುರುವಾಯಿತು.

ಕೇಳಿದ ಮರುದಿನವೇ ಬಸ್ಸು ಹಿಡಿದು ಕಲಬುರಗಿಗೆ ಹೋದೆ. ಚಾಚಾನ ಮಗ ನಬಿಸಾಬ್ ಮಾರ್ಕೆಟ್ಟಿನಲ್ಲಿ ಬಂಡಿಯ ಮೇಲೆ ಹಣ್ಣು ಹರವಿಕೊಂಡು ನಿಂತಿದ್ದ. ನಾನು ಹೇಳಿದ್ದಕ್ಕೆ ಅವನು ಬೆಚ್ಚಲಿಲ್ಲ.

"ನನ್ನ ಕನಸಿನಾಗೂ ಬರ್ತಾರ್ರೀ ಅಂಬಮ್ಮಕ್ಕಾರ. ಕುಂದರ್ರಿ ಅಬ್ಬಾ ಅಂದ್ರ ಕುಂದ್ರಂಗಿಲ್ಲ. ತ್ವಾಟ ಒಪ್ಸಿಲ್ಲ ಅಂತಾರ."

"ಯಾಪಾರದವ್ರಿಗಿ ತ್ವಾಟದ ಚಿಂತಿ ಇಷ್ಟ್ಯಾಕಪಾ?" ಎಂದೆ. ತಪ್ಪು ನನ್ನದೆಂದು ಗೊತ್ತಿದ್ದರೂ ನನ್ನ ಬಾಯಿ ಸುಮ್ಮನಿರುವುದಲ್ಲ.

"ನಮಗ ಬಾಗವಾನ ಅಂತಾರಲ್ರೀ, ಅದು ಹಣ್ಣ ಮಾರವ್ರ ಹೆಸರಂತ ಎಲ್ಲಾರೂ ತಿಳದಾರ. ಬಾಗ್ ಅಂದ್ರ ತ್ವಾಟ. ಬಾಗವಾನ ಅಂದ್ರ ತ್ವಾಟ ಕಾಯಾವ. ಹಿಂದಕ ಕಾದವ್ರೇ ಹಣ್ಣ ತಂದು ಮಾರಿದ್ರು, ಹೆಸರು ಹಂಗೇ ಉಳೀತು. ನನ್ನಂಥಾವ್ರು ಒಂದು ಗಿಡಾನೂ ಕಾದಿಲ್ಲ. ಅಬ್ಬಾ ಮಾತ್ರ ಹೊಟ್ಟಿಗಂತ ಮಾರಿದ್ರು, ಜನಮಾ ಎಲ್ಲಾ ಕಾದ್ರು." ಅವನ ಕಣ್ಣು ತುಂಬಿದವು. "ನೀವು ಆ ಒಂದ ಮಾತು ಹೇಳ್ರೀ ಅಕ್ಕಾರ. ಮಣ್ಣಾಗ ಆರಾಮ ಮಲಗ್ಲಿ."

ನಾನು ಬೈದದ್ದು ನೆನಪಾಗಿ ತಲೆ ಎತ್ತಲಾಗಲಿಲ್ಲ. ಹೇಳುತ್ತೇನೆ, ನಡಿ ಎಂದೆ.

ಇಬ್ಬರೂ ಒಂದೇ ಬಸ್ಸಿಗೆ ಬಂದೆವು. ಮಟಮಟ ಮಧ್ಯಾಹ್ನ. ಒಂದು ಗೊನೆ ಕಡಿದು ಎದೆಗವಚಿಕೊಂಡು ಸಾಲಿನ ಮುಂದೆ ನಿಂತೆ. ಒಳಗೆ ಕೆಮ್ಮು ಕೇಳಿಸಿತು. ನಬಿಸಾಬ್ ಟೋಪಿ ಸರಿಮಾಡಿಕೊಂಡು ತಲೆ ಬಾಗಿಸಿದ.

"ಹೇಳ್ರೀ ಅಕ್ಕಾರ."

ಬಾಯಿ ತೆರೆದೆ. ಸುತ್ತಲಿನ ತೋಟಗಳನ್ನೆಲ್ಲ ಮಂಗಗಳು ಹಾಳುಗೆಡವಿದ್ದವು. ನನ್ನದರಲ್ಲಿ ಒಂದು ಕಾಯಿಗೂ ಹಲ್ಲು ತಾಗಿರಲಿಲ್ಲ. ಗಂಡ ಹೋದ ಮೇಲೆ ನನ್ನದೆಂಬುದನ್ನು ಹೀಗೆ ಕಾದವರು ಇನ್ನೊಬ್ಬರಿಲ್ಲ. ಆ ಮಾತು ಆಡಿದರೆ ನಾಳೆಯಿಂದ ಈ ಎರಡು ಎಕರೆಯಲ್ಲಿ ನಾನೊಬ್ಬಳೇ. ಆಸೆಬುರುಕತನವೋ, ಒಂಟಿಯಾಗುವ ಅಂಜಿಕೆಯೋ? ಎರಡೂ ಇದ್ದವು, ಸುಳ್ಳು ಯಾಕೆ ಹೇಳಲಿ.

"ಚಾಚಾ," ಎಂದೆ, "ಈ ಬೆಳಿ ಮುಗಿಯೂತನಕ ಇರು."

ನಬಿಸಾಬ್ ತಲೆ ಎತ್ತಿ ನನ್ನನ್ನು ನೋಡಿದ. ಆ ನೋಟ ನಾನು ಸಾಯುವವರೆಗೂ ಮರೆಯುವಂಥದಲ್ಲ. ತಿರುಗಿ ರಸ್ತೆಯ ಕಡೆ ನಡೆದ.

ಸಾಲಿನ ಒಳಗಿಂದ ಬಹಳ ದಣಿದ ದನಿಯೊಂದು ಬಂತು.

"ಆತವ್ವಾ."