ಕಾಲಿಗೆ ನೀರಿಲ್ಲ

ಲೋಹಾರಾದಿಂದ ಸಾಸ್ತೂರಿಗೆ ಹೋಗುವ ದಾರಿಯಲ್ಲಿ ಎಡಕ್ಕೊಂದು ಬೋಳು ಗುಡ್ಡವಿದೆ. ಅದರ ನೆತ್ತಿಯ ಮೇಲಿನ ತಗಡಿನ ಮನೆಯಲ್ಲಿ ಶಿವಗಂಗಾಬಾಯಿ ತನ್ನ ಗಂಡ ಮನ್ಮಥಪ್ಪನ ಜೊತೆ ಇದ್ದಾಳೆಂಬುದು ಇಡೀ ಲೋಹಾರಾ ಪೇಟೆಗೆ ಗೊತ್ತಿತ್ತು. ಕಾಳಿನ ವ್ಯಾಪಾರದಲ್ಲೇ ತಲೆ ಬೆಳ್ಳಗಾದ ಸಾಹುಕಾರ ಅಂಗಡಿಯ ಕೀಲಿಯನ್ನು ಮಗನ ಕೈಗಿಟ್ಟು ಹೆಂಡತಿಯೊಂದಿಗೆ ಗುಡ್ಡ ಹತ್ತಿದನೆಂದರೆ ಜನ ಸುಮ್ಮನಿರುತ್ತಾರೆಯೇ? ಸೊಸೆ ಹೊರಗೆ ಹಾಕಿದಳು ಅಂದರು. ಮಗ ಅನ್ನ ಹಾಕಲಿಲ್ಲ ಅಂದರು. ಮುದುಕನಿಗೆ ತಲೆ ಕೆಟ್ಟಿದೆ ಅಂದರು. ಎಲ್ಲ ಅಂದರು, ಖರೆಯದೊಂದು ಬಿಟ್ಟು.

ಖರೆ ಏನೆಂದರೆ, ಗುಡ್ಡ ಹತ್ತಿದವಳು ಶಿವಗಂಗಾಬಾಯಿ. ಮನ್ಮಥಪ್ಪ ಹಿಂದೆ ಹಿಂದೆ ಬಂದವನು.

ಆ ಮನೆ ಕಟ್ಟಿಸಿದ್ದು ಭೂಕಂಪದ ವರ್ಷ, ಕಲ್ಲಿನ ಗೋಡೆಗಳಿಗೆ ಹೆದರಿ. ಆರು ತಿಂಗಳಲ್ಲಿ ಹೆದರಿಕೆ ಹೋಯಿತು, ಎಲ್ಲರೂ ಪೇಟೆಗೆ ಇಳಿದರು. ಆದರೆ ಆ ಆರು ತಿಂಗಳಲ್ಲಿ ಶಿವಗಂಗಾಬಾಯಿ ಹೊತ್ತು ಹುಟ್ಟುವುದನ್ನು ನೋಡಿಬಿಟ್ಟಿದ್ದಳು. ಪೇಟೆಯ ಮನೆಯ ಅಡುಗೆಕೋಣೆಯ ಕಿಟಕಿ ತೆರೆದರೆ ಕಾಣುವುದು ಗೋದಾಮಿನ ಗೋಡೆ. ಸೊಸೆಯಾಗಿ ಬಂದ ದಿನದಿಂದ ಅತ್ತೆಯಾಗುವ ತನಕ ಆಕೆ ಆ ಗೋಡೆಯನ್ನೇ ನೋಡಿಕೊಂಡು ರೊಟ್ಟಿ ಬಡಿದಿದ್ದಳು. ಇಪ್ಪತ್ತು ವರ್ಷ ಆ ಬೆಳಗನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು, ಗಂಡ ಅಂಗಡಿ ಬಿಟ್ಟ ಮರುದಿನವೇ ಬಾಯಿ ತೆರೆದಳು.

"ನಾ ಗುಡ್ಡಕ್ಕ ಹೋಗ್ತೀನಿ. ನೀವು ಬರೋದಾದ್ರ ಬರ್ರಿ."

ಬಂದ. ಬಾರದೆ ಏನು ಮಾಡುತ್ತಾನೆ? ಒಂದು ಚಳಿಗಾಲ ಕಳೆದರೆ ಇವಳ ಹುಚ್ಚು ಇಳಿಯುತ್ತದೆ ಎಂದುಕೊಂಡಿದ್ದ. ಇಳಿದದ್ದು ಅವನ ಹೊಟ್ಟೆಯ ಬೊಜ್ಜು. ನಸುಕಿನಲ್ಲಿ ಎದ್ದು ಗುಡ್ಡದ ಬುಡದ ಒರತೆಯಿಂದ ನೀರು ಹೊತ್ತು ತರುವುದು ಅವನ ಪಾಲಿನ ಕೆಲಸವಾಯಿತು. ಅಂಗಡಿ ಬಿಟ್ಟರೂ ಅಳೆಯುವ ಚಾಳಿ ಬಿಡಲಿಲ್ಲ. ಹಳೆಯ ಹಿತ್ತಾಳೆಯ ಶೇರಿನಲ್ಲಿ ಸ್ನಾನದ ನೀರನ್ನೂ ಅಳೆದು ಕೊಡುತ್ತಿದ್ದ. "ನನಗೇನು ಜೋಳ ಮಾರ್ಲಿಕತ್ತೀರೇನು?" ಎಂದು ಆಕೆ ರೇಗುತ್ತಿದ್ದಳು. ಆದರೂ ಆ ನೀರಿನಲ್ಲೇ ದೊಡ್ಡ ಪರಾತದೊಳಗೆ ಕುಳಿತು ಮೈ ತೊಳೆದು, ಪರಾತದಲ್ಲಿ ನಿಂತದ್ದನ್ನು ಬಿಲ್ವದ ಸಸಿಗೆ ಹಾಕುತ್ತಿದ್ದಳು. ಲಿಂಗಪೂಜೆಗೆ ಒಂದು ಚಮಚ. ಊಟವಾದ ಮೇಲೆ ತಾಟಿಗೆ ಗುಟುಕು ನೀರು ಹಾಕಿ, ಬೆರಳಿನಿಂದ ತೊಳೆದು, ಅದನ್ನೇ ಕುಡಿಯುವುದು. ಪ್ರಸಾದ ಚೆಲ್ಲಬಾರದೆಂದು ಹಿರಿಯರು ಹಾಕಿಕೊಟ್ಟ ಈ ಪದ್ಧತಿ ಗುಡ್ಡದ ಬಾಳಿಗೂ ಸರಿಯಾಗಿಯೇ ಹೊಂದಿತು. ಸಂಜೆ ಇಬ್ಬರೂ ಬಂಡೆಯ ಮೇಲೆ ಕುಳಿತು ಸಾಸ್ತೂರಿನ ದೀಪಗಳನ್ನು ನೋಡುತ್ತ ಯಾವುದಾದರೂ ಹಳೆಯ ಮದುವೆಯ ಜಗಳ ತೆಗೆದು, ಹೊಸದಾಗಿ ಜಗಳವಾಡುತ್ತಿದ್ದರು. ಶಿವಗಂಗಾಬಾಯಿ ತನ್ನ ಜನ್ಮದಲ್ಲಿ ಇಷ್ಟು ಸುಖವಾಗಿ ಇದ್ದಿರಲಿಲ್ಲ.

ಮಳೆ ಕೈಕೊಟ್ಟದ್ದು ಆಮೇಲೆ. ಒಂದು ವರ್ಷವಲ್ಲ, ಮೇಲಿಂದ ಮೇಲೆ. ಮಾಕಣಿಯ ಅಣೆಕಟ್ಟಿನ ತಳ ಬಾಯಿಬಿಟ್ಟಿತು. ಪೇಟೆಗೆ ಟ್ಯಾಂಕರ್ ಬರತೊಡಗಿತು. ಗುಡ್ಡಕ್ಕೆ ಯಾವ ಟ್ಯಾಂಕರ್ ಹತ್ತುತ್ತದೆ? ಒರತೆ ದಿನಕ್ಕೊಂದು ಕೊಡ ಕೊಡುವ ಮಟ್ಟಕ್ಕೆ ಬಂತು. ಆ ಒಂದು ಕೊಡದಲ್ಲೇ ಇಬ್ಬರ ಬಾಳ್ವೆ. ಮಗ ನಾಗನಾಥ ಎರಡು ಸಲ ಕರೆಯಲು ಬಂದ. ಎರಡು ಸಲವೂ ತಾಯಿ "ಒಲ್ಲೆ" ಎಂದಳು. ನಾಗನಾಥನಿಗೆ ತಂದೆತಾಯಿಯ ಚಿಂತೆ ಇರಲಿಲ್ಲವೆಂದಲ್ಲ, ಇತ್ತು. ಅದಕ್ಕಿಂತ ಹೆಚ್ಚಾಗಿ ಪೇಟೆಯವರ ಮಾತಿನ ಚಿಂತೆ ಇತ್ತು.

ಮೂರನೆಯ ಸಲ ಅವನು ಒಬ್ಬನೇ ಬರಲಿಲ್ಲ. ಮನೆತನದ ಗುರು ರಾಚಯ್ಯ ಸ್ವಾಮಿಗಳನ್ನು ಕರೆತಂದ.

ಜೀಪನ್ನು ಬುಡದಲ್ಲಿ ಬಿಟ್ಟು ಸುಡುಬಿಸಿಲಿನಲ್ಲಿ ಇಬ್ಬರೂ ಏರು ಹತ್ತಿ ಬರುವುದನ್ನು ಶಿವಗಂಗಾಬಾಯಿ ಬಾಗಿಲಲ್ಲಿ ನಿಂತು ನೋಡಿದಳು. ಮಗನ ಯುಕ್ತಿ ಆಕೆಗೆ ಆಗಲೇ ತಿಳಿಯಿತು. ಅಯ್ಯನವರು ಮನೆಗೆ ಬಂದರೆ ಮೊದಲು ಪಾದ ತೊಳೆಯಬೇಕು. ತೊಳೆಯದೆ ಅವರು ಹೊಸ್ತಿಲು ದಾಟುವಂತಿಲ್ಲ. ಅಯ್ಯನವರು ಹೊಸ್ತಿಲಿನಿಂದ ತಿರುಗಿ ಹೋದ ಮನೆ ಮನೆಯೇ ಅಲ್ಲ, ಸ್ಮಶಾನ. ಈ ಮಾತನ್ನು ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಾಗನಾಥನಿಗೆ ಕಲಿಸಿದವಳು ಆಕೆಯೇ. ಪೇಟೆಯ ಮನೆಯಲ್ಲಿ ಇವರ ಪಾದ, ಇವರ ತಂದೆಯ ಪಾದ, ತಾಮ್ರದ ಹರಿವಾಣದಲ್ಲಿಟ್ಟು ತೊಳೆದವಳು ಆಕೆ.

ಒಳಗೆ ಉಳಿದದ್ದು ಕಾಲು ಕೊಡ ನೀರು. ತೊಳೆದರೆ ರಾತ್ರಿಯ ಅಡುಗೆಗಿಲ್ಲ, ಕುಡಿಯಲಿಕ್ಕಿಲ್ಲ. ಒರತೆ ತುಂಬುವುದು ನಾಳೆ ನಸುಕಿಗೆ. ಗಂಟಲೊಣಗಿಸಿಕೊಂಡು ಮಗನ ಜೀಪು ಹತ್ತಬೇಕು. ತೊಳೆಯದಿದ್ದರೆ ಅಯ್ಯನವರು ತಿರುಗಿ ಹೋಗುತ್ತಾರೆ. ಹೇಗೂ ಮನೆ ಉಳಿಯುವುದಿಲ್ಲ.

ರಾಚಯ್ಯ ಸ್ವಾಮಿಗಳು ಅಂಗಳದ ಕಲ್ಲಿನ ಮೇಲೆ ಕುಳಿತು ಚಪ್ಪಲಿ ಬಿಟ್ಟರು. ಮೊಣಕಾಲ ತನಕ ಕೆಂಪು ಧೂಳು. ನಾಗನಾಥ ಕೈಕಟ್ಟಿ ಪಕ್ಕಕ್ಕೆ ನಿಂತ.

"ಅವ್ವಾ, ಅಯ್ಯನೋರು ದಣದ ಬಂದಾರ. ಪಾದಕ್ಕ ನೀರ ತಗೊಂಡ ಬಾ."

ಮನ್ಮಥಪ್ಪ ಗಡಬಡಿಸಿ ಒಳಗೆ ಓಡಿದ. ಪಾಪ, ಬುದ್ಧಿ ಓಡುವ ಮೊದಲೇ ಅವನ ಕಾಲುಗಳು ಓಡುತ್ತಿದ್ದವು. ಕೊಡವನ್ನು ಎತ್ತಬೇಕೆನ್ನುವಷ್ಟರಲ್ಲಿ ಹಿಂದೆಯೇ ಬಂದ ಶಿವಗಂಗಾಬಾಯಿ ಅದರ ಬಾಯಿಯ ಮೇಲೆ ಅಂಗೈ ಊರಿದಳು.

"ಇಡ್ರಿ ಕೆಳಗ."

"ಏ, ಅಯ್ಯನೋರು ಕುಂತಾರ. ಪಾಪ ಹತ್ತತದ."

"ಹತ್ತಲಿ. ನನಗ ಹತ್ತತದ, ನಿಮಗಲ್ಲ. ಇಡ್ರಿ."

ಒಂದು ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಬೆಲ್ಲದ ತುಂಡು ಹಿಡಿದು ಹೊರಗೆ ಬಂದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಅಯ್ಯನವರ ಮುಂದೆ ಮೊಣಕಾಲೂರಿದಳು.

"ಕುಡೀರಿ ಅಯ್ಯನೋರ."

"ಪಾದ, ಅವ್ವಾ," ಎಂದ ನಾಗನಾಥ ಮೆಲ್ಲಗೆ.

"ಕಾಲಿಗೆ ನೀರಿಲ್ಲ," ಎಂದಳು ಶಿವಗಂಗಾಬಾಯಿ. ಮಗನಿಗಲ್ಲ, ಅಯ್ಯನವರಿಗೇ ಹೇಳಿದಳು. "ಕುಡ್ಯಾಕ ಅದ, ಉಣ್ಣಾಕ ಅದ. ಕಾಲಿಗೆ ಇಲ್ಲ. ಆ ಮನ್ಯಾಗ ನಿಮ್ಮ ಪಾದ ಹಾಲಿಲೆ ತೊಳದೀನಿ. ಅದು ನನ್ನ ಅತ್ತಿ ಮನಿ, ಆಮ್ಯಾಲ ನನ್ನ ಸೊಸಿ ಮನಿ. ನನ್ನ ಮನಿ ಇದು ಒಂದೇ. ಇಲ್ಲಿ ಹಿಂಗದ."

ನಾಗನಾಥನ ಮುಖ ಕಪ್ಪಿಟ್ಟಿತು. "ಲೋಕ ಏನಂತದ? ಗುರುಗಳನ್ನ ಧೂಳಗಾಲ್ಲೇ ಹೊರಗ ಕುಂದ್ರಿಸಿದ್ರು ಅಂತದ."

"ಹೊರಗ ಯಾರ ಕುಂದ್ರಿಸ್ಯಾರ?" ಆಕೆ ಎದ್ದು ನಿಂತು ಬಾಗಿಲಿನ ಎರಡೂ ಕದಗಳನ್ನು ಪೂರ್ತಿ ತೆರೆದಳು. "ಧೂಳಗಾಲ್ಲೇ ಒಳಗ ಬರ್ರಿ ಅಯ್ಯನೋರ. ಇದು ಎಲ್ಲಿಂದೋ ಬಂದ ಹೊಲಸಲ್ಲ. ಈ ಗುಡ್ಡದ ಮಣ್ಣು. ಒಳಗೂ ಇದೇ ಅದ, ನಾ ಇದನ್ನೇ ಸಾರಸ್ತೀನಿ. ಒಲ್ಲೆ ಅಂದ್ರ ತಿರುಗಿ ಹೋಗ್ರಿ. ನಾ ಅಳ್ತೀನಿ. ಆದ್ರ ಇಳಿಯಂಗಿಲ್ಲ."

ಇಷ್ಟು ಮಾತು ತನ್ನ ಬಾಯಿಂದ ಬಂತೆಂದು ಆಕೆಗೇ ನಂಬಿಕೆಯಾಗಲಿಲ್ಲ. ಮನ್ಮಥಪ್ಪ ಬಾಗಿಲ ಸಂದಿಯಲ್ಲಿ ನಿಂತು, ಬಾಯಿ ಸ್ವಲ್ಪ ತೆರೆದುಕೊಂಡು, ಹೆಂಡತಿಯನ್ನು ಹೊಸಬಳನ್ನು ನೋಡಿದಂತೆ ನೋಡುತ್ತಿದ್ದ.

ರಾಚಯ್ಯ ಸ್ವಾಮಿಗಳು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಅವರಿಗೆ ಬೇಸರವಾಗಿತ್ತು. ಇಂಥ ಮಾತು ಅವರು ಯಾವ ಮನೆಯಲ್ಲೂ ಕೇಳಿರಲಿಲ್ಲ. ತಂಬಿಗೆ ಕೆಳಗಿಟ್ಟು ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು.

"ನಾಗನಾಥ," ಎಂದರು, "ಮನ್ಯಾಗ ನೀರಿಲ್ಲ ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ರೀ."

"ಗೊತ್ತಿದ್ದೂ ನನ್ನ ಕಾಲ ಮುಂದ ಮಾಡ್ಕೊಂಡ ಬಂದಿ."

ಅಯ್ಯನವರು ಕೋಲೂರಿ ಎದ್ದರು. ದಾರಿಯ ಕಡೆ ಒಮ್ಮೆ ತಿರುಗಿದರು. ಆಮೇಲೆ ಇತ್ತ ತಿರುಗಿ, ಧೂಳು ಮೆತ್ತಿದ ಕಾಲಿನಿಂದಲೇ ಹೊಸ್ತಿಲು ದಾಟಿ ಒಳಗೆ ಹೋದರು. ಸಾರಿಸಿದ ನೆಲದ ಮೇಲೆ ಹೆಜ್ಜೆಗಳು ಕೆಂಪಗೆ ಮೂಡಿದವು. ಮನ್ಮಥಪ್ಪ ಓಡಿಹೋಗಿ ಕಂಬಳಿ ಹಾಸಿದ.

ಶಿವಗಂಗಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದಳು. ನಾಗನಾಥ ಅಂಗಳದಲ್ಲೇ ನಿಂತಿದ್ದ. ಕರೆದರೂ ಬರಲಿಲ್ಲ. ಸೋತವನಿಗೆ ಹಸಿವೆಯಾದರೂ ಮೊಂಡುತನ ಬಿಡುವುದಿಲ್ಲ. ಅದು ಅವನಿಗೆ ಬಂದದ್ದು ಯಾರಿಂದ ಎಂದು ಬೇರೆ ಹೇಳಬೇಕೇ? ಕೊನೆಗೆ ಆಕೆಯೇ ಒಂದು ಲೋಟ ನೀರು ತಂದು ಕೊಟ್ಟಳು.

"ಕುಡಿ."

"ನಾ ನಿಮ್ಮನ್ನ ಒಯ್ಯಾಕ ಬಂದೀನಿ."

"ಗೊತ್ತದ. ಕುಡದ ಹೋಗು."

ನಾಗನಾಥ ಅರ್ಧ ಕುಡಿದ. ಉಳಿದದ್ದನ್ನು ಪೇಟೆಯವರ ರೂಢಿಯಂತೆ ನೆಲಕ್ಕೆ ಚೆಲ್ಲಲು ಕೈ ಬಗ್ಗಿಸಿದ. ತಾಯಿ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಚೆಲ್ಲಬ್ಯಾಡ. ಅಷ್ಟರಾಗ ನಿಮ್ಮಪ್ಪ ನಾಳಿ ಮಾರಿ ತೊಳಕೋತಾರ."

ಅವನು ತಾಯಿಯ ಮುಖವನ್ನೇ ನೋಡಿದ. ಲೋಟವನ್ನು ಆಕೆಯ ಕೈಗೆ ಕೊಟ್ಟು, ಜೀಪಿನ ಕೀಲಿ ಜೇಬಿಗಿಳಿಸಿ, ಜೀಪಿನಲ್ಲಿಟ್ಟಿದ್ದ ನೀರಿನ ಕ್ಯಾನನ್ನು ಮೇಲಕ್ಕೆ ಹೊತ್ತು ತರಲು ಗುಡ್ಡ ಇಳಿಯತೊಡಗಿದ.