ಪಾತಿಗೊಂದು ಹೆಸರು

"ನನ್ ಸೈಟಲ್ಲಿ ಕಂಡೋರ ಹೆಸರಿನ ಬೋರ್ಡ್ ನೆಡೋಕೆ ಯಾರ್ರೀ ಹೇಳಿದ್ದು ನಿಮಗೆ? ಮೊದ್ಲು ಕೀಳ್ರೀ ಅದನ್ನ."

ಸಿದ್ರಾಮಪ್ಪ ಮೇಷ್ಟ್ರು ಕೈಯಲ್ಲಿದ್ದ ನೀರಿನ ಪೈಪನ್ನು ಕೆಳಗಿಟ್ಟರು. ಅವರ ಹಿಂದೆ ಒಂಬತ್ತನೇ ಕ್ಲಾಸಿನ ಮಕ್ಕಳು ಗುಂಪಾಗಿ ನಿಂತಿದ್ದರು. ನನ್ನ ಮಗಳು ಮೋನಿಕಾ ಯೂನಿಫಾರಂ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿಕೊಂಡು ಅವರ ನಡುವೆ ಇದ್ದಳು.

"ಮಕ್ಕಳ ಹೆಸರು ಸರ್. ಯಾವ ಪಾತಿ ಯಾರು ಬೆಳೆದಿದ್ದು ಅಂತ ಪರೀಕ್ಷೆ ಮಾಡೋಕೆ ಬರೋರಿಗೆ ಗೊತ್ತಾಗಬೇಕಲ್ಲ" ಅಂದರು ಮೇಷ್ಟ್ರು.

"ಅದು ಯಾರಿಗೂ ಗೊತ್ತಾಗಬಾರದು ಅಂತಲೇ ನಾನು ಹೇಳ್ತಿರೋದು."

ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬ ಕಿಸಕ್ಕನೆ ನಕ್ಕ. ನಗಲಿ. ಅವನ ತಾತ ಜಮೀನು ಕಳಕೊಂಡಿಲ್ಲ.

ನಮ್ಮ ತಾತ ಕಳಕೊಂಡ. ಅಬ್ಬಿಗೆರೆ ಕಡೆ ಎರಡು ಎಕರೆ ಹೊಲವನ್ನು ಪರಿಚಯದ ಒಬ್ಬನಿಗೆ ವಾರಕ್ಕೆ ಕೊಟ್ಟಿದ್ದ, ಅಂದರೆ ಬೆಳೆದದ್ದರಲ್ಲಿ ಪಾಲು ಕೊಡೋ ಮಾತಿನ ಮೇಲೆ. ಆ ಮನುಷ್ಯ ಒಳ್ಳೆಯವನೇ. ಹಬ್ಬಕ್ಕೆ ಅವರೆಕಾಯಿ ತಂದು ಕೊಡುತ್ತಿದ್ದನಂತೆ. ಉಳುವವನಿಗೇ ಭೂಮಿ ಅನ್ನೋ ಕಾನೂನು ಬಂತು, ಅವನು ಹೋಗಿ ಅರ್ಜಿ ಹಾಕಿದ, ಹೊಲ ಅವನದಾಯಿತು. ಈಗ ಅಲ್ಲಿ ಲಿಫ್ಟ್ ಇರೋ ಅಪಾರ್ಟ್‌ಮೆಂಟು ಎದ್ದಿದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ. ನಮ್ಮ ಮಣ್ಣಿಗೆ ಬೇರೆಯವರ ಕೈಯಿಂದ ಬೀಜ ಬೀಳಬಾರದು. ನಮ್ಮಪ್ಪ ಮುನಿಶಾಮಪ್ಪ ಸಾಯೋ ತನಕ ಮನೆ ಮುಂದಿನ ಸೊಪ್ಪಿನ ಬೀಜವನ್ನೂ ಕೂಲಿಯವರ ಕೈಗೆ ಕೊಡಲಿಲ್ಲ.

ಶೆಟ್ಟಿಹಳ್ಳಿಯಲ್ಲಿ ನಮಗೆ ಖಾಲಿ ಉಳಿದಿರೋದು ಈ ಮೂಲೆ ಸೈಟು ಒಂದೇ. ಉಳಿದದ್ದೆಲ್ಲ ಬಾಡಿಗೆ ಮನೆಗಳು. ಸುತ್ತ ಮುಳ್ಳುತಂತಿ ಹಾಕಿ, ಈ ಸ್ವತ್ತು ಅನಂತರಾಜು ಅವರಿಗೆ ಸೇರಿದ್ದು ಅಂತ ಬರೆಸಿದ್ದೇನೆ. ಒಳಗೆ ಪಾರ್ಥೇನಿಯಂ ಬೆಳೆದರೂ ಚಿಂತೆಯಿಲ್ಲ. ಪಾರ್ಥೇನಿಯಂ ಕೋರ್ಟಿಗೆ ಹೋಗುವುದಿಲ್ಲ.

ಈ ವರ್ಷ ಸ್ಕೂಲಿನವರು ಒಂಬತ್ತನೇ ಕ್ಲಾಸಿಗೆ ಕಸುಬಿನ ಪಾಠ ತಂದರು. ಕಂಪ್ಯೂಟರು, ಬ್ಯೂಟಿ ಪಾರ್ಲರು, ಗಾಡಿ ರಿಪೇರಿ, ವ್ಯವಸಾಯ, ಇಷ್ಟರಲ್ಲಿ ಮಕ್ಕಳು ತಮಗೆ ಆಸಕ್ತಿ ಇರೋದನ್ನು ಆರಿಸಿಕೊಳ್ಳಬೇಕು. ಪೋಷಕರು ಒತ್ತಾಯ ಮಾಡಬಾರದು ಅಂತ ಹೆಡ್ ಮೇಡಂ ಮೀಟಿಂಗಿನಲ್ಲಿ ಎರಡೆರಡು ಸಲ ಹೇಳಿದರು. ನಾನು ಕಂಪ್ಯೂಟರು ಅಂದಿದ್ದೆ. ಮೋನಿಕಾ ವ್ಯವಸಾಯ ತಗೊಂಡು ಬಂದಳು. ನನ್ನ ಅನುಮಾನ ಶುರುವಾದದ್ದೇ ಅಲ್ಲಿಂದ. ಆ ಸ್ಕೂಲಿನ ಅಂಗಳ ಪೂರ್ತಿ ಸಿಮೆಂಟು. ತುಳಸಿ ಗಿಡವನ್ನೂ ಪೇಂಟಿನ ಡಬ್ಬದಲ್ಲಿ ಇಟ್ಟಿದ್ದಾರೆ. ಅಂಥವರು ವ್ಯವಸಾಯ ಕಲಿಸ್ತೀವಿ ಅಂದರೆ ಯಾರ ಮಣ್ಣು ನೋಡಿಕೊಂಡು ಹಾಗಂದರು?

ಒಂದು ಸಂಜೆ ನಾನು ಫೋನಿನಲ್ಲಿ ಬಾಡಿಗೆಯವನ ಹತ್ತಿರ ನೀರಿನ ಮೋಟರಿನ ವಿಷಯಕ್ಕೆ ಕೂಗಾಡುತ್ತಿದ್ದಾಗ, ಖಾಲಿ ಸೈಟಿನಲ್ಲಿ ಸೊಪ್ಪು ಹಾಕ್ಲಾ ಅಂತ ಮೋನಿಕಾ ಕೇಳಿದಳು. ಹೂಂ ಅಂದಿದ್ದೆ. ಅವಳು ಒಬ್ಬಳೇ ಒಂದು ಹಿಡಿ ಕೊತ್ತಂಬರಿ ಚೆಲ್ಲುತ್ತಾಳೆ ಅಂದುಕೊಂಡೆ. ಕ್ಲಾಸೇ ಬಂತು. ಮೇಷ್ಟ್ರು ಟೇಪು ಹಿಡಿದು ಅಳೆದರು, ಗೂಟ ಹೊಡೆಸಿದರು, ಪಾತಿ ಮಾಡಿಸಿದರು. ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಅವತ್ತು ಬೆಳಗ್ಗೆ ಬಂದು ನೋಡಿದರೆ ಪಾತಿಗೊಂದು ಬೋರ್ಡು. ಭಾಗ್ಯಶ್ರೀ. ಖಾದರ್ ಬಾಷಾ. ಇನ್ನೂ ಯಾರು ಯಾರೋ.

"ಫೋಟೋ ಬೇರೆ ತೆಗೀತೀರಂತೆ. ತೋರಿಸ್ರೀ" ಅಂದೆ.

ಮೇಷ್ಟ್ರು ಹಿಂದೆಮುಂದೆ ನೋಡದೆ ಫೋನು ಕೊಟ್ಟರು. ಗುದ್ದಲಿ ಹಿಡಿದ ಹುಡುಗ, ಕಳೆ ಕೀಳೋ ಹುಡುಗಿ. ಪ್ರತಿ ಫೋಟೋದ ಕೆಳಗೆ ತಾರೀಕು, ಟೈಮು, ಜಾಗದ ಮ್ಯಾಪು. ತಾತನ ಕಾಲದಲ್ಲಿ ಉಳುಮೆ ಮಾಡಿದ್ದಕ್ಕೆ ಸಾಕ್ಷಿ ಹೇಳೋಕೆ ಊರವರನ್ನು ಕರೆತರಬೇಕಿತ್ತು. ಇವರು ಸಾಕ್ಷಿಯನ್ನು ಜೇಬಲ್ಲೇ ಇಟ್ಟುಕೊಂಡಿದ್ದಾರೆ.

ಇಲಾಖೆಯವರು ಹೀಗೇ ಕಳಿಸಬೇಕು ಅಂತಾರೆ, ಇಲ್ಲದಿದ್ದರೆ ಪಾಠ ಮಾಡಿದ್ದನ್ನೇ ನಂಬಲ್ಲ ಅಂತ ಮೇಷ್ಟ್ರು ವಿವರಿಸಿದರು. ಬೇಕಾದರೆ ಜಾಗ ನಿಮ್ಮದೇ ಅಂತ ಸ್ಕೂಲಿನಿಂದ ಬರೆಸಿ ಕೊಡ್ತೀನಿ ಅಂದರು. ಬರೆದು ಕೊಟ್ಟರೆ ಅದೂ ಒಂದು ಕರಾರು ಆಗುತ್ತೆ, ನನಗೆ ಬೇಡ ಅಂದೆ. ಹಾಗಾದರೆ ಏನು ಮಾಡಲಿ ಹೇಳಿ ಸರ್ ಅಂದರು. ನಾನು ದನಿ ಇನ್ನೂ ಜೋರು ಮಾಡಿದೆ.

ಗಲಾಟೆ ಕೇಳಿ ನಮ್ಮವ್ವ ಪಟಾಲಮ್ಮ ಗೇಟಿನ ತನಕ ಬಂದಿದ್ದಳು. "ಇಂಗ್ಯಾಕ್ ಅರಚ್ಕೊಂತೀಯೋ? ಮಕ್ಳು ಮೆಂತ್ಯ ಸೊಪ್ಪು ಮೂಟೆ ಕಟ್ಕೊಂಡು ಓಯ್ತವೆ, ಸೈಟ್ನೇನು ಕಟ್ಕೊಂಡ್ ಓಯ್ತವಾ?" ಅಂದಳು. ಮಕ್ಕಳು ಈ ಸಲ ಎಲ್ಲರೂ ನಕ್ಕರು. ಅವ್ವನಿಗೆ ಮನೆಗೆ ನಡಿ ಅಂದೆ. ನಡೆಯಲಿಲ್ಲ.

ಮೇಷ್ಟ್ರು ಕೈಮುಗಿದರು. ಶನಿವಾರ ಹೊರಗಿನಿಂದ ಪರೀಕ್ಷೆ ಮಾಡೋಕೆ ಬರುತ್ತಾರೆ, ಬೆಳೆ ಪಾತಿಯಲ್ಲೇ ಇರಬೇಕು, ಬೆಳೆದವರ ಹೆಸರೂ ಇರಬೇಕು, ಇಲ್ಲದಿದ್ದರೆ ಈ ಮಕ್ಕಳು ಮಾಡಿದ್ದಕ್ಕೆ ಲೆಕ್ಕವೇ ಇಲ್ಲ ಅಂದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಶನಿವಾರದ ತನಕ ಬಿಡುತ್ತಿದ್ದೆನೋ ಏನೋ. ನಿಲ್ಲಿಸಲಿಲ್ಲ.

"ಹತ್ತನೇ ಕ್ಲಾಸಿಗೂ ಇಲ್ಲೇ ಮಾಡ್ಕೋಬಹುದು, ಅಪ್ಪ ಒಪ್ಪಿದಾರೆ ಅಂತ ಮೋನಿಕಾ ಹೇಳಿದ್ಲಲ್ಲ ಸರ್."

ನಾನು ಮಗಳ ಕಡೆ ತಿರುಗಿದೆ. ಅವಳು ತಲೆ ತಗ್ಗಿಸಿದಳು.

"ನಾನು ಯಾವಾಗ ಒಪ್ಪಿದ್ನಮ್ಮ?"

"ಕೇಳೋಣ ಅಂತಿದ್ದೆ ಅಪ್ಪ. ಈ ಸಲ ಬೆಳೆ ಚೆನ್ನಾಗಿ ಬಂದ್ರೆ ನೀವೇ ಒಪ್ತೀರ ಅಂದ್ಕೊಂಡೆ."

"ಸುಳ್ಳು ಹೇಳು ಅಂತ ಯಾರು ಹೇಳ್ಕೊಟ್ರು? ಇವರಾ?"

"ಯಾರೂ ಹೇಳ್ಕೊಟ್ಟಿಲ್ಲ. ನಂಗೆ ಇಷ್ಟ ಆಯ್ತು ಅಷ್ಟೇ."

ಇಷ್ಟ. ಇಷ್ಟವಾಗಿ ಮಣ್ಣು ಅಗೆದವರನ್ನು ನಾನು ಕಂಡಿಲ್ಲ. ನಮ್ಮಪ್ಪ ಹೊಟ್ಟೆಗೆ ಅಗೆದ, ಆ ವಾರದವನು ಹೊಲ ಲಪಟಾಯಿಸೋಕೆ ಅಗೆದ. ಹದಿನಾಲ್ಕು ವರ್ಷದ ಹುಡುಗಿ, ಫ್ಯಾನು ಇಲ್ಲದೆ ನಿದ್ದೆ ಮಾಡದವಳು, ಬಿಸಿಲಲ್ಲಿ ಕೂತು ಕಳೆ ಕೀಳುತ್ತಾಳೆ ಅಂದರೆ ಅದರ ಹಿಂದೆ ಯಾರೋ ಇರಲೇಬೇಕು.

"ಎಷ್ಟು ದಿನದಿಂದ ಇವರ ಜೊತೆ ಸೇರ್ಕೊಂಡಿದೀಯ ನೀನು?" ಅಂತ ಕೇಳಿಬಿಟ್ಟೆ.

ಯಾರೂ ನಗಲಿಲ್ಲ.

ನಾನು ಪಾತಿಗೆ ಇಳಿದು ಬೋರ್ಡುಗಳನ್ನು ಒಂದೊಂದಾಗಿ ಕಿತ್ತು ಬೇಲಿಯ ಆಚೆ ಎಸೆದೆ. ಮೇಷ್ಟ್ರು ತಡೆಯಲಿಲ್ಲ. ಮೋನಿಕಾ ಹೆಸರಿನದ್ದು ಒಂದನ್ನೇ ಬಿಟ್ಟೆ. ಅವಳು ಮನೆಯವಳು, ಅವಳ ಹೆಸರಿದ್ದರೆ ತಪ್ಪಿಲ್ಲ. ಸೈಟು ಪೂರ್ತಿ ಇವಳೇ ಬೆಳೆದಿದ್ದು ಅಂತ ಶನಿವಾರ ತೋರಿಸಿ, ಮಾರ್ಕ್ಸ್ ಬರುತ್ತೆ, ಉಳಿದವರಿಗೆ ಬೇರೆ ಜಾಗ ನೋಡಿಕೊಳ್ಳಿ ಅಂತ ಮೇಷ್ಟ್ರಿಗೆ ಹೇಳಿದೆ. ಅದಕ್ಕಿಂತ ಹೆಚ್ಚು ಯಾವ ಅಪ್ಪ ಬಿಟ್ಟುಕೊಡುತ್ತಾನೆ?

"ಭಾಗ್ಯಶ್ರೀ ಪಾತೀನ ನಂದು ಅಂತ ಹೇಳ್ಬೇಕಾ?" ಮೋನಿಕಾ ಕೇಳಿದಳು.

"ಹೇಳು. ಮಣ್ಣು ನಿಂದೇ ಅಲ್ವಾ?"

ಅವಳು ನಲ್ಲಿ ಹತ್ತಿರ ಹೋಗಿ ಕಾಲು ತೊಳೆದಳು, ಪ್ಯಾಂಟು ಇಳಿಸಿದಳು, ಶೂ ಹಾಕಿಕೊಂಡಳು. ಮೇಷ್ಟ್ರಿಗಾಗಲೀ ಗೆಳತಿಯರಿಗಾಗಲೀ ಕಾಯಲಿಲ್ಲ. ಅವ್ವ ಕೈ ಹಿಡಿಯೋಕೆ ಹೋದಳು, ಬಿಡಿಸಿಕೊಂಡು ಗೇಟು ದಾಟಿ ಸ್ಕೂಲಿನ ರಸ್ತೆ ಹಿಡಿದಳು. ನಾನು ಕೂಗಿದೆ, ತಿರುಗಲಿಲ್ಲ. ಶನಿವಾರ ಪರೀಕ್ಷೆಯವರು ಬಂದಾಗಲೂ ಅವಳು ಬರಲಿಲ್ಲ, ಆಮೇಲೂ ಆ ಸೈಟಿಗೆ ಕಾಲಿಡಲಿಲ್ಲ.