ಮಚ್ಚೆ ಇರುವ ಕೆನ್ನೆ

ಮೂಗು ಇವತ್ತೂ ಕೈಕೊಟ್ಟಿತು. ಕನ್ನಡಿಯಲ್ಲಿ ಅದು ಎಡಕ್ಕೆ ತುಸು ವಾಲಿಕೊಂಡಿದ್ದರೂ ಅವನದೇ ಆಗಿತ್ತು. ಹಲಗೆಯ ಮೇಲೆ ಇಳಿಯುವಷ್ಟರಲ್ಲಿ ಇನ್ಯಾರದೋ ಆಗಿಬಿಟ್ಟಿತ್ತು. ಅವನು ಕುಂಚವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳಿಂದ ಚೌಕಟ್ಟು ಮಾಡಿ ಅದರೊಳಗಿಂದ ನೋಡಿದ. ತರಗತಿಯಲ್ಲೂ ಹೀಗೇ ಮಾಡುತ್ತಿದ್ದುದರಿಂದ ವಿದ್ಯಾರ್ಥಿಗಳು ಅವನಿಗೆ ಫ್ರೇಮು ಎಂದು ಹೆಸರಿಟ್ಟಿದ್ದರು. ಅದರಲ್ಲಿ ಒಂದು ಬಗೆಯ ಗೌರವವಿದೆ ಎಂದು ಅವನು ನಂಬಿಕೊಂಡಿದ್ದ.

"ರೀ, ಕನ್ನಡಿ ಎರಡು ನಿಮಿಷ ಬೇಕಿತ್ತು." ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಾಚಣಿಗೆ.

"ಈಗ ಕದಲಿಸೋ ಹಾಗಿಲ್ಲ."

"ಕದಲಿಸಲ್ಲ. ನೀವು ಸ್ವಲ್ಪ ಪಕ್ಕಕ್ಕೆ ಬಂದ್ರೆ ಸಾಕು."

"ನಾನೂ ಕದಲೋ ಹಾಗಿಲ್ಲ."

ಅವಳು ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಹಟಮಾರಿಗಳ ಜೊತೆ ಯಾವಾಗ ವಾದ ನಿಲ್ಲಿಸಬೇಕೆಂದು ಬಲ್ಲವಳು. ಫ್ರಿಜ್ಜಿನ ಬಾಗಿಲಲ್ಲಿ ಕಂಡಷ್ಟನ್ನು ನೋಡಿಕೊಂಡು ತಲೆ ಬಾಚಿಕೊಳ್ಳಲು ಹೋದಳು. ಮನೆಯಲ್ಲಿದ್ದ ಒಂದೇ ದೊಡ್ಡ ಕನ್ನಡಿ ಕೆಲವು ತಿಂಗಳಿಂದ ಅವನ ಕೋಣೆಯಲ್ಲಿ, ಅವನ ಮುಖವೊಂದನ್ನೇ ನೋಡುತ್ತ ನಿಂತಿತ್ತು.

ಅವನು ಕಾಲೇಜಿನಲ್ಲಿ ಕಲೆಯ ಇತಿಹಾಸ ಪಾಠ ಮಾಡುವವನು. ಓದು ಮುಗಿದ ಮೇಲೆ ಕುಂಚ ಮುಟ್ಟಿದವನಲ್ಲ. ಬೇರೆಯವರು ಬರೆದ ಚಿತ್ರಗಳಿಗೆ ಮೂಗು ಮುರಿಯುವುದರಲ್ಲೇ ಕೂದಲು ನರೆಯಿತು. ಈಗ ದಿನಕ್ಕೊಂದು ಚಿತ್ರ ಎಂದು ಹಟ ಹಿಡಿದಿದ್ದ. ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಕೂರಬೇಕು, ತನ್ನ ಮುಖವನ್ನೇ ಬರೆಯಬೇಕು, ಒಂದು ದಿನವೂ ತಪ್ಪಿಸಬಾರದು. ಸ್ಟಾಫ್ ರೂಮಿನಲ್ಲಿ ಇದನ್ನು 'ಸ್ವಂತದ ಶೋಧ' ಎಂದು ಕರೆದಿದ್ದ. ಅಲ್ಲಿದ್ದವರು ತಲೆಯಾಡಿಸಿ ತಮ್ಮ ತಮ್ಮ ಟಿಫಿನ್ ಡಬ್ಬಿಗಳ ಶೋಧಕ್ಕೆ ತೊಡಗಿದ್ದರು.

ಮೊಬೈಲಿನಲ್ಲಿ ನಿತ್ಯ ಚಿತ್ರ ಬರೆಯುವವರದೊಂದು ಗುಂಪಿತ್ತು. ಅವನೂ ಸೇರಿದ್ದ. ಅಲ್ಲೊಬ್ಬ ನಿವೃತ್ತ ಇಂಜಿನಿಯರು ದಿನಾ ಒಂದು ಬದನೆಕಾಯಿ ಬರೆದು ಹಾಕುತ್ತಿದ್ದ. ಬದನೆಕಾಯಿಗೆ ಅವನ ಮುಖಕ್ಕಿಂತ ಹೆಚ್ಚು ಮೆಚ್ಚುಗೆ ಬರುತ್ತಿತ್ತು. ಅಭಿರುಚಿಯ ಅಧಃಪತನ ಎಂದು ಅವನು ಸಮಾಧಾನ ಮಾಡಿಕೊಂಡರೂ, ಆ ಬದನೆಕಾಯಿ ಬದನೆಕಾಯಿಯ ಹಾಗೇ ಇರುತ್ತಿತ್ತು ಎಂಬುದನ್ನು ಅಲ್ಲಗಳೆಯುವಂತಿರಲಿಲ್ಲ.

ಶೋಧ ಗೀಧ ಎಲ್ಲ ಹೊರಗಿನ ಮಾತು. ಒಳಗಿನ ವಿಷಯ ಅವನ ತಾಯಿ.

ಅವಳಿಗೆ ನೆನಪು ಜಾರುತ್ತಿತ್ತು. ಸೊಸೆಯನ್ನು ಟೀಚರ್ ಎಂದಾದರೂ ಗುರುತಿಸುತ್ತಿದ್ದಳು. ಮೊಮ್ಮಗಳನ್ನು ತನ್ನ ತಂಗಿ ಎಂದುಕೊಂಡು ಮುದ್ದು ಮಾಡುತ್ತಿದ್ದಳು. ಮಗನನ್ನು ಮಾತ್ರ ಕರೆಂಟು ಮೀಟರ್ ನೋಡಲು ಬಂದವನೆಂದು ತಿಳಿದು ಮರ್ಯಾದೆಯಿಂದ ಹೊರಗೆ ಕಳಿಸುತ್ತಿದ್ದಳು. "ನಮ್ಮ ಹುಡುಗ ಮನೇಲಿಲ್ಲ. ಅವನು ಬಂದ ಮೇಲೆ ಬನ್ನಿ," ಎನ್ನುತ್ತಿದ್ದಳು. ಹಾಗೆಂದು ಆ ಹುಡುಗನಿಗಾಗಿ ಕಿಟಕಿಯ ಬಳಿ ಕೂತು ದಾರಿ ಕಾಯುತ್ತಿದ್ದಳು. ಡಾಕ್ಟರ ಮಾತಿನಂತೆ ಫೋಟೋ ತೋರಿಸಿದ್ದಾಯಿತು. ಅವನ ಫೋಟೋ ನೋಡಿ, "ಪಾಪ, ಇವರು ತೀರಿಕೊಂಡು ಎಷ್ಟು ದಿನ ಆಯ್ತು?" ಎಂದು ಕೇಳಿದ್ದಳು.

ಚಿಕ್ಕವನಿದ್ದಾಗ ಅವನು ಏನು ಗೀಚಿದರೂ ಅದು ಏನೆಂದು ಅವಳೊಬ್ಬಳಿಗೆ ತಿಳಿಯುತ್ತಿತ್ತು. ಅಪ್ಪ ಮೇಜು ಎಂದದ್ದನ್ನು ಅವಳು ಕುದುರೆ ಎನ್ನುತ್ತಿದ್ದಳು. ಅದು ಕುದುರೆಯೇ ಆಗಿರುತ್ತಿತ್ತು. ಫೋಟೋ ಸೋತ ಕಡೆ ಗೀಚಿದ್ದು ಗೆಲ್ಲಬಹುದೆಂಬ ಆಸೆಯಿಂದ ಅವನು ಕುಂಚ ಹಿಡಿದಿದ್ದ. ಯಾರಿಗೂ ಇದನ್ನು ಹೇಳಿರಲಿಲ್ಲ. ಇಂಥದ್ದನ್ನೆಲ್ಲ ಅವನು ವಿದ್ಯಾರ್ಥಿಗಳ ಉತ್ತರ ಪತ್ರಿಕೆಯಲ್ಲಿ ಭಾವುಕತೆ ಎಂದು ಬರೆದು ಅಂಕ ಕಳೆಯುತ್ತಿದ್ದ.

ಹೆಂಡತಿ ಶಾಲೆಗೆ ಹೊರಟ ಮೇಲೆ, ಹಸಿ ಬಣ್ಣದ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಾಯಿಯ ಕೋಣೆಗೆ ಹೋದ. ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. ನಿನ್ನೆಯ ಚಿತ್ರ ಅವಳಿಗೆ ಪೋಸ್ಟ್ ಆಫೀಸಿನವರಾಗಿತ್ತು, ಮೊನ್ನೆಯದು ಮನೆ ಓನರು. ಇವತ್ತು ಅವಳು ಬಹಳ ಹೊತ್ತು ನೋಡಿದಳು.

"ಎಲ್ಲೋ ನೋಡಿದೀನಿ ಇವನನ್ನ."

ಅವನು ಹಲಗೆಯನ್ನು ಇನ್ನಷ್ಟು ಹತ್ತಿರ ಹಿಡಿದ. "ಸರಿಯಾಗಿ ನೋಡಮ್ಮ."

"ನಮ್ಮ ಹುಡುಗನ ಕಳೆ ಇದೆ. ಆದ್ರೆ ಅವನಲ್ಲ."

"ಯಾಕಲ್ಲ?"

"ಅವನಿಗೆ ಮಚ್ಚೆ ಈ ಕೆನ್ನೇಲಿ." ಅವಳು ಚಿತ್ರದ ಇನ್ನೊಂದು ಕೆನ್ನೆಯ ಮೇಲೆ ಬೆರಳಿಟ್ಟಳು. ತುದಿಗೆ ಬಣ್ಣ ಅಂಟಿತು.

ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ತನ್ನ ಎಡಗೆನ್ನೆಯನ್ನು ಅವಳ ಕಣ್ಣಿಗೆ ಹಿಡಿದ. ಮಚ್ಚೆ ಅಲ್ಲೇ ಇತ್ತು, ಹುಟ್ಟಿದಾಗಿನಿಂದ ಇದ್ದ ಜಾಗದಲ್ಲಿ. "ಇಲ್ಲಿ ನೋಡು."

ಅವಳು ಸಂಕೋಚದಿಂದ ತುಸು ಹಿಂದೆ ಸರಿದಳು. "ಮೀಟರು ಹೊರಗಡೆ ಇದೆ ನೋಡಿ, ಮೆಟ್ಟಿಲ ಪಕ್ಕ."

ಬೇಸರವಾಗಬೇಕಿತ್ತು, ಅವನಿಗೆ ಖುಷಿಯಾಯಿತು. ಮಚ್ಚೆ ನೆನಪಿದೆ! ತಪ್ಪು ಅವಳದಲ್ಲ, ಕನ್ನಡಿಯದು. ಕನ್ನಡಿ ನೋಡಿ ಬರೆದ ಮುಖ ಎಡಬಲ ಅದಲುಬದಲಾಗಿರುತ್ತದೆ. ಇದನ್ನು ಅವನು ಪ್ರತಿ ವರ್ಷ ಮೊದಲ ಪಾಠದಲ್ಲೇ ತಮಾಷೆಯಾಗಿ ಹೇಳುತ್ತಿದ್ದ. ಹಾಗಾದರೆ ಇಷ್ಟು ತಿಂಗಳು ಅವಳು ನೋಡಿದ ಮುಖಗಳೆಲ್ಲ ಉಲ್ಟಾ. ಯಾವ ತಾಯಿ ತಾನೇ ಉಲ್ಟಾ ಮಗನನ್ನು ಗುರುತಿಸಿಯಾಳು?

ಪ್ರಿನ್ಸಿಪಾಲರಿಗೆ ಫೋನು ಮಾಡಿ ಜ್ವರ ಎಂದ. ಇವತ್ತು ಅವನ ವಿಶೇಷ ಉಪನ್ಯಾಸವಿತ್ತು, 'ಮುಖದ ಬಿಕ್ಕಟ್ಟು'.

"ಪರವಾಗಿಲ್ಲ, ರೆಸ್ಟ್ ತಗೊಳ್ಳಿ," ಎಂದರು ಪ್ರಿನ್ಸಿಪಾಲರು. "ಹುಡುಗರು ಹೇಗೂ ಬರ್ತಿರಲಿಲ್ಲ."

ಮಚ್ಚೆಯನ್ನು ಸಾಗಿಸುವುದು ಸುಲಭವಾಗಿತ್ತು. ಈ ಕೆನ್ನೆಯಿಂದ ಕೆರೆದು ಆ ಕೆನ್ನೆಗೆ ಒಂದು ಚುಕ್ಕೆ. ಆಮೇಲೆ ನೋಡಿದರೆ ಮಚ್ಚೆ ಸರಿ, ಬೈತಲೆ ತಪ್ಪು. ಬೈತಲೆಯನ್ನು ಆಚೆಗೆ ಹಾಕಿದ. ಈಗ ಮೂಗು ತಪ್ಪು ದಿಕ್ಕಿಗೆ ವಾಲಿತ್ತು. ಅದನ್ನು ಹಿಡಿದು ಈಚೆಗೆ ಎಳೆದ. ತುಟಿ ತಕರಾರು ತೆಗೆಯಿತು. ಒಂದಕ್ಕೆ ಮನೆ ಮಾಡಿಕೊಟ್ಟರೆ ಇನ್ನೊಂದು ಬೀದಿಗೆ ಬೀಳುತ್ತಿತ್ತು.

ಕಾಲೇಜಿಗೆ ಹೊರಟಿದ್ದ ಮಗಳು ಬಾಗಿಲಲ್ಲಿ ಇಣುಕಿದಳು. "ಇವತ್ತಿಂದು ಯಾರಪ್ಪ?"

"ನಾನು."

"ಓ." ಅವಳು ಬ್ಯಾಗು ಹೆಗಲಿಗೇರಿಸುತ್ತ ಇನ್ನೊಮ್ಮೆ ನೋಡಿದಳು. "ಇಬ್ಬರು ಒಂದೇ ಶರ್ಟಲ್ಲಿ ತಲೆ ತೂರಿಸಿದ ಹಾಗಿದೆ. ಅಜ್ಜಿಯ ತಿಂಡಿ ಮುಚ್ಚಿಟ್ಟಿದೀನಿ, ಕೊಟ್ಟುಬಿಡು. ನೀನೇ ತಿಂದುಬಿಡಬೇಡ."

ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದ. ಕಂಡಂತೆ ಬರೆದರೆ ತಾನೇ ಉಲ್ಟಾ? ಕಣ್ಣು ಮುಚ್ಚಿ ತನ್ನ ಮುಖವನ್ನು ನೆನಪಿಗೆ ತಂದುಕೊಳ್ಳಲು ಕೂತ. ಬಂದದ್ದು ಕನ್ನಡಿಯ ಮುಖವೇ. ಎದುರಿಗೆ ನಿಂತವರು ನೋಡುವ ಮುಖವನ್ನು ಅವನು ಒಂದು ಸಲವೂ ಎದುರುಗೊಂಡಿರಲಿಲ್ಲ. ಹಳೆಯ ಫೋಟೋ ತೆಗೆಯಬಹುದಿತ್ತು. ಆದರೆ ಅದು ತೀರಿಕೊಂಡವರ ಮುಖ ಎಂದು ಇತ್ಯರ್ಥವಾಗಿತ್ತು. ತಲೆ ಚಿಟ್ಟು ಹಿಡಿದಂತಾಯಿತು. ಹೆಂಡತಿಗೆ ಫೋನು ಮಾಡಿದ.

"ಮೀಟಿಂಗಲ್ಲಿದೀನಿ, ಹೇಳಿ."

"ನನ್ನ ಯಾವ ಹುಬ್ಬು ಮೇಲಿದೆ? ನೀನು ನೋಡಿದಾಗ."

ಅತ್ತ ಕಡೆ ಯಾರೋ ಕೆಮ್ಮಿದರು, ಕುರ್ಚಿ ಸರಿಯಿತು. ಅವಳು ನಿಜವಾಗಿಯೂ ಯೋಚಿಸುತ್ತಿದ್ದಳು. ಅದೇ ಅವನಿಗೆ ಕಷ್ಟವಾಯಿತು.

"ಎರಡೂ ಇದಾವಲ್ಲ," ಎಂದಳು ಕೊನೆಗೆ.

"ಇದಾವೆ. ಯಾವುದು ಮೇಲೆ ಅಂತ ಕೇಳ್ತಿದೀನಿ."

"ಸಂಜೆ ಬಂದು ನೋಡಿ ಹೇಳಲಾ?"

ಇಷ್ಟು ವರ್ಷ ಎದುರುಬದುರು ಕೂತು ಉಂಡವಳು. ಕೋಪ ಬಂತು. ಕೋಪದಲ್ಲಿ, ಅವಳ ಹುಬ್ಬು ಯಾವುದು ಮೇಲಿದೆ ಎಂದು ತನ್ನನ್ನೇ ಕೇಳಿಕೊಂಡ. ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು ಕುಂಚ ಎತ್ತಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಹಲಗೆಯ ಮೇಲೆ ಮುಖ ಹೋಗಿ ಕೆಸರಾಗಿತ್ತು. ಮಚ್ಚೆ ಎರಡು ಕಡೆಯೂ ಇದ್ದಂತೆ, ಎಲ್ಲಿಯೂ ಇಲ್ಲದಂತೆ ಕಾಣುತ್ತಿತ್ತು. ಅವನು ಚಿಂದಿ ಬಟ್ಟೆಗೆ ಟರ್ಪೆಂಟೈನ್ ಸುರಿದುಕೊಂಡು, ಹಣೆಯಿಂದ ಗದ್ದದವರೆಗೆ ಒಂದೇ ಸಮನೆ ಒರೆಸಿ ಹಾಕಿದ. ಕಣ್ಣು ಹೋಯಿತು, ಮೂಗು ಹೋಯಿತು, ಬಾಯಿ ಹೋಯಿತು. ಕಿವಿಯ ಅಂಚು, ಶರ್ಟಿನ ಕಾಲರು, ನಡುವೆ ಚರ್ಮದ ಬಣ್ಣದ ಒಂದು ಮಬ್ಬು ಉಳಿಯಿತು. ದಿನ ತಪ್ಪಿತು. ಗುಂಪಿನಲ್ಲಿ ಬದನೆಕಾಯಿ ಒಂಟಿಯಾಗಿ ಮೆರೆಯಲಿ ಎಂದುಕೊಂಡು ಕೈ ತೊಳೆಯಲು ಬಚ್ಚಲಿಗೆ ಹೋದ. ಬಣ್ಣ ಬೇಗ ಬಿಡಲಿಲ್ಲ.

ತಿರುಗಿ ಬಂದಾಗ ಅವನ ಸ್ಟೂಲಿನ ಮೇಲೆ ತಾಯಿ ಕೂತಿದ್ದಳು. ಹೆಗಲಿಗೆ ಟವೆಲು. ಬಹಳ ದಿನಗಳಿಂದ ಅವಳು ತನ್ನ ಕೋಣೆ ಬಿಟ್ಟು ಬಂದವಳಲ್ಲ. ಅವಳು ಹಲಗೆಯನ್ನು ನೋಡುತ್ತಿದ್ದಳು. ಮುಖದ ತುಂಬ ನಗು.

"ಬಂದ," ಎಂದಳು.

"ಯಾರಮ್ಮ?"

"ನಮ್ಮ ಹುಡುಗ. ಇವನೇ." ಅವಳಿಗೆ ಅನುಮಾನವೇ ಇರಲಿಲ್ಲ. ಮಚ್ಚೆ ಕೇಳಲಿಲ್ಲ, ಮೂಗು ಕೇಳಲಿಲ್ಲ.

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಅಮ್ಮ, ಅದು ಅಳಿಸಿದ್ದು. ಅದರಲ್ಲಿ ಏನೂ ಇಲ್ಲ. ನಾನಿಲ್ಲಿದೀನಿ."

"ಮೆಲ್ಲಗೆ ಮಾತಾಡಿ. ದಣಿದು ಬಂದಿದಾನೆ."

ಅವಳು ಟವೆಲು ತೆಗೆದು, ಆಟ ಮುಗಿಸಿ ಬಂದ ಮಗುವಿಗೆ ಒರೆಸುವ ಹಾಗೆ, ಹಲಗೆಯ ಮೇಲಿನ ಆ ಮಬ್ಬನ್ನು ಒರೆಸತೊಡಗಿದಳು. "ಎಷ್ಟು ಬೆವರಿದಾನೆ ನೋಡಿ," ಎಂದಳು. ಬಣ್ಣ ಬಿಟ್ಟುಕೊಂಡು ಬಂತು. ಕಿವಿಯೂ ಹೋಯಿತು, ಕಾಲರೂ ಹೋಯಿತು. ಅವಳು ಬಿಡಲಿಲ್ಲ. ಕೆಳಗಿನ ಮರದ ಗೆರೆಗಳು ಕಾಣುವ ತನಕ ಒರೆಸಿ, ಈಗ ಚೆನ್ನಾಗಾಯಿತು ಎಂಬಂತೆ ಹಲಗೆಯ ಅಂಚನ್ನು ತಟ್ಟಿದಳು. ನಂತರ ಟವೆಲನ್ನು ನೀಟಾಗಿ ಮಡಿಚಿ ಅವನ ಕೈಗೆ ಕೊಟ್ಟಳು.

"ಇದನ್ನ ಒಗೆಯೋಕೆ ಹಾಕ್ಬಿಡಿ. ಬಾಗಿಲು ಎಳ್ಕೊಂಡು ಹೋಗಿ, ಅವನಿಗೆ ಗಾಳಿ ಆಗಲ್ಲ."

ಅವನು ಬಾಗಿಲು ಎಳೆದುಕೊಂಡ. ಪಡಸಾಲೆಯಲ್ಲಿ ನಿಂತು, ಟವೆಲು ಹಿಡಿದುಕೊಂಡು ಯಾವ ಕಡೆ ಹೋಗಬೇಕೆಂದು ತಿಳಿಯದಾದ. ಅಳು ಬಂತು. ಅಳುವುದಕ್ಕೆ ಮುಖ ಹೇಗೆ ಮಾಡಬೇಕೆಂದು ತೋಚಲಿಲ್ಲ.

ಒಳಗಿನಿಂದ ಅವಳ ದನಿ ಕೇಳಿಸಿತು. ಗದರುವ ದನಿ, ಅವನಿಗೆ ಚಿಕ್ಕಂದಿನಿಂದ ಗುರುತಿದ್ದ ದನಿ.

"ಇಷ್ಟು ಹೊತ್ತು ಎಲ್ಲಿ ಹೋಗಿದ್ಯೋ?"

ಅವಳು ಉತ್ತರಕ್ಕಾಗಿ ಕಾಯುತ್ತಿದ್ದಳು. ಅವನೂ ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟು, ಒಳಗಿರುವವನು ಏನು ಹೇಳುತ್ತಾನೋ ಎಂದು ಕೇಳಿಸಿಕೊಳ್ಳುತ್ತ ನಿಂತ.